ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವುದಾ, ಮಣ್ಣನ್ನೇ ಬಿಡುವುದಾ? ಮನೆಯಲ್ಲಿ ಎರಡು ಪಕ್ಷ ಆಗಿದೆ

ಅಲೆವೂರು ಅಂಗಳ
ನಮ್ಮದು ಉಡುಪಿ ಹತ್ತಿರ, ಅಲೆವೂರು ಕಡೆ. ಹತ್ತು ಸೆಂಟ್ಸ್ ಜಾಗ. 1,200 ಚದರಡಿ ಮನೆ, ಉಳಿದದ್ದು ಅಂಗಳ. ಎರಡು ತೆಂಗು, ಒಂದು ನುಗ್ಗೆ, ಮೂಲೆಯಲ್ಲಿ ಕೆಸು, ಬಾಕಿ ಹುಲ್ಲು. ಬಾವಿ ಉಂಟು, ಆದರೆ ಏಪ್ರಿಲ್ ಕೊನೆಗೆ ತಳ ಕಾಣುತ್ತದೆ. ಮೇ ತಿಂಗಳಲ್ಲಿ ಟ್ಯಾಂಕರಿಗೆ ಫೋನ್ ಮಾಡುವುದೇ ಕೆಲಸ.

ಯಜಮಾನರಿಗೆ ಇಡೀ ಅಂಗಳಕ್ಕೆ ಇಂಟರ್‌ಲಾಕ್ (ಸಿಮೆಂಟ್ ಬ್ಲಾಕಿನ ನೆಲಹಾಸು) ಹಾಕಿಸಬೇಕು ಅಂತ. ಅವರು ಹೇಳುವ ಕಾರಣ ಯಾವುದೂ ಸುಳ್ಳಲ್ಲ. ಮಳೆಗಾಲದಲ್ಲಿ ಕಾರಿನ ಚಕ್ರ ಹೂತುಹೋಗುತ್ತದೆ. ಅತ್ತೆಗೆ 74, ಜಾರಿ ಬಿದ್ದರೆ ಕಷ್ಟ. ಹಾವಿನ ಹೆದರಿಕೆ ಬೇರೆ. ಓಣಿಯಲ್ಲಿ ಎಲ್ಲರೂ ಹಾಕಿಸಿ ಆಗಿದೆ, ನಮ್ಮದೊಂದೇ ಬಾಕಿ.

ನನಗೆ ಮನಸ್ಸಿಲ್ಲ. ಮಗಳು ಆರನೇ ಕ್ಲಾಸ್, ಮಗ ಎರಡನೇ ಕ್ಲಾಸ್. ಇಬ್ಬರೂ ಮೊಬೈಲ್ ಕೆಳಗಿಟ್ಟು ಹೊರಗೆ ಓಡುವುದು ಮಳೆ ಬಂದಾಗ ಮಾತ್ರ. ಪರಿಸರ ದಿನಕ್ಕೆ ಶಾಲೆಯಲ್ಲಿ ಚಾರ್ಟ್ ಬರೆಸುತ್ತಾರೆ, ಮನೆಯಲ್ಲಿ ನಾವು ಮಣ್ಣೇ ಕಾಣದ ಹಾಗೆ ಮುಚ್ಚುತ್ತೇವೆ. ಇದು ಯಾಕೋ ಸರಿ ಕಾಣುವುದಿಲ್ಲ. ಆದರೆ ಮನಸ್ಸಿಲ್ಲ ಅಂದರೆ ವಾದ ಆಗುವುದಿಲ್ಲ ಅಲ್ವಾ? ಲೆಕ್ಕ ಗೊತ್ತಿದ್ದವರು ಹೇಳಿ. ಅತ್ತೆಯ ಕಾಲಿಗೆ ಏನು ಮಾಡಬಹುದು ಅಂತಲೂ ಹೇಳಿ.

ಕುಡ್ಲ ಬೈಕರ್
ಅಕ್ಕ, ಹಾಕಿಸಿಬಿಡಿ. ಹೆದ್ದಾರಿ ಅಗಲ ಮಾಡಲಿಕ್ಕೆ ಸಾಲು ಸಾಲು ಮರ ಹೋಯಿತು, ಲೇಔಟ್‌ಗೆ ಗುಡ್ಡಗಳೇ ಹೋದವು. ನಿಮ್ಮ ಹತ್ತು ಸೆಂಟ್ಸಿನಲ್ಲಿ ಹುಲ್ಲು ಬಿಟ್ಟರೆ ಭೂಮಿ ಉಳಿಯುತ್ತದಾ? ಸುಮ್ನೆ ಮಂಡೆ ಬಿಸಿ.

ಬಾವಿ ಮಾವ
ಭೂಮಿ ವಿಷಯ ಆಮೇಲೆ. ಮೊದಲು ಅವರ ಬಾವಿ ನೋಡುವ.

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. 1,200 ಚದರಡಿ ಅಂದರೆ 111 ಚದರ ಮೀಟರ್. ಅಂದರೆ ನಿಮ್ಮ ಮಾಡಿನ (ಛಾವಣಿಯ) ಮೇಲೆ ಬೀಳುವುದೇ ವರ್ಷಕ್ಕೆ 4.4 ಲಕ್ಷ ಲೀಟರ್. ಐದು ಜನರ ಮನೆಗೆ ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೂ (ನಗರದ ನೀರಿನ ಯೋಜನೆಗಳಲ್ಲಿ ಹಿಡಿಯುವ ಲೆಕ್ಕ ಇದು) ವರ್ಷಕ್ಕೆ ಬೇಕಾದದ್ದು ಎರಡೂವರೆ ಲಕ್ಷ ಲೀಟರಿಗಿಂತ ಸ್ವಲ್ಪ ಕಡಿಮೆ. ಖರ್ಚಿಗಿಂತ ಜಾಸ್ತಿ ನೀರು ತಲೆ ಮೇಲೆ ಬಿದ್ದು ಹೋಗುತ್ತದೆ. ಮೇ ತಿಂಗಳಲ್ಲಿ ಟ್ಯಾಂಕರಿಗೆ ದುಡ್ಡು ಕೊಡುತ್ತೀರಿ.

ಈಗ ಅಂಗಳ. ಮನೆ ಬಿಟ್ಟು ಸುಮಾರು 3,000 ಚದರಡಿ, ಅಂದರೆ 280 ಚದರ ಮೀಟರ್. ಅಲ್ಲಿ ಬೀಳುವುದು 11 ಲಕ್ಷ ಲೀಟರ್. ಮಾಡಿನ ಎರಡೂವರೆ ಪಾಲು. ಇದಕ್ಕೆ ಮುಚ್ಚಳ ಹಾಕುವ ಯೋಚನೆ ನಿಮ್ಮ ಯಜಮಾನರದ್ದು.

ಇಂಟರ್‌ಲಾಕಿನ ಸಂದಿಯಲ್ಲಿ ನೀರು ಇಳಿಯುತ್ತದೆ ಅಂತ ಹಾಕುವವರು ಹೇಳುತ್ತಾರೆ. ಹೊಸತರಲ್ಲಿ ಸ್ವಲ್ಪ ಇಳಿಯುತ್ತದೆ, ಸರಿ. ಒಂದೆರಡು ಮಳೆಗಾಲ ಕಳೆದರೆ ಸಂದಿಯಲ್ಲಿ ಕೆಸರು, ಪಾಚಿ ತುಂಬುತ್ತದೆ. ಕೆಳಗೆ ಕಾಂಕ್ರೀಟ್ ಹಾಸಿದ್ದರೆ ಅಷ್ಟೂ ಇಲ್ಲ.

ಮತ್ತೆ ಬೈಕರ್ ಅವರಿಗೆ: ಒಂದು ಓಣಿಯ ಇಪ್ಪತ್ತು ಮನೆಯವರು ಹೀಗೆ ಮಾಡಿದರೆ ಎರಡು ಕೋಟಿ ಲೀಟರಿಗೂ ಜಾಸ್ತಿ ನೀರು ಚರಂಡಿಗೆ. ಅದೇ ಹಳೆ ಚರಂಡಿ. 2018ರ ಮೇ 29ರಂದು ಮಂಗಳೂರಿನ ರಸ್ತೆಗಳು ತೋಡು (ಹಳ್ಳ) ಆದದ್ದು ನೆನಪುಂಟಾ? ಅವತ್ತು ಬಿದ್ದ ಮಳೆ ವಿಪರೀತ, ಒಪ್ಪುತ್ತೇನೆ. ಆದರೆ ಇಂಗಲಿಕ್ಕೆ ಜಾಗ ಇಲ್ಲದ ಊರಿನಲ್ಲಿ ಅರ್ಧ ಮಳೆಯೂ ವಿಪರೀತವೇ.

ಕುಡ್ಲ ಬೈಕರ್
ಮಾವ, ಲೆಕ್ಕ ಒಪ್ಪಿದೆ. ಆದರೆ ನಾಲ್ಕು ಲಕ್ಷ ಲೀಟರ್ ಎಲ್ಲಿ ಇಡುವುದು? 5,000 ಲೀಟರ್ ಟ್ಯಾಂಕ್ ಐದು ಜನರಿಗೆ ಒಂದು ವಾರ ಬರುತ್ತದೆ.

ಬಾವಿ ಮಾವ
ಟ್ಯಾಂಕಿಯಲ್ಲಿ ಅಲ್ಲ ಮಾರಾಯ. ಮಣ್ಣಿನಲ್ಲಿ.

ಪೆರ್ಡೂರು ತೋಟ
ಮಾವ ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ನಮ್ಮ ಕಡೆಯ ಮುರಕಲ್ಲು (ಕೆಂಪುಕಲ್ಲು) ಜರಡಿಯ ಹಾಗೆ. ಜೂನಿನಲ್ಲಿ ಇಂಗಿಸಿದ ನೀರು ಮೇ ತಿಂಗಳವರೆಗೆ ನಿಮಗಾಗಿ ಕಾದು ಕೂರುವುದಿಲ್ಲ. ಮುರಕಲ್ಲಿನ ಕೆಳಗೆ ಶೇಡಿ ಮಣ್ಣು ಇರುತ್ತದೆ, ಅದರೊಳಗೆ ನೀರು ಬೇಗ ಇಳಿಯುವುದಿಲ್ಲ. ಹಾಗಾಗಿ ಇಂಗಿದ್ದು ಶೇಡಿಯ ಮೇಲೆ ಅಡ್ಡಕ್ಕೆ ಹರಿದು ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಇಳಿಜಾರಿನ ಜಾಗ ಆದರೆ ಇನ್ನೂ ಬೇಗ.

ಜುಲೈಯಲ್ಲಿ ನೆಲ ಹೇಗೂ ತುಂಬಿರುತ್ತದೆ. ನೀವು ಗುಂಡಿ ತೋಡಿದರೂ ಹೊರಗೆ ಹರಿಯುತ್ತದೆ. ನಿಜವಾಗಿ ಹಿಡಿದಿಡಬೇಕಾದದ್ದು ಸೆಪ್ಟೆಂಬರ್, ಅಕ್ಟೋಬರ್ ಮಳೆಯನ್ನು. ಆಮೇಲೆ ತೋಡಿನಲ್ಲಿ ಹರಿಯುವುದನ್ನು ತಡೆಯಬೇಕು. ನಮ್ಮ ಅಜ್ಜನ ಕಾಲದಲ್ಲಿ ನವೆಂಬರ್, ಡಿಸೆಂಬರಿನಲ್ಲಿ ಊರಿನವರೆಲ್ಲ ಸೇರಿ ಕಲ್ಲು ಮಣ್ಣು ಸೊಪ್ಪು ಹಾಕಿ ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಕಟ್ಟದ ಮೇಲಿನ ಬಾವಿಗಳಲ್ಲೆಲ್ಲ ನೀರು ಏರುತ್ತಿತ್ತು. ಮಕ್ಕಳಿಗೆ ಅದು ಈಜುವ ಕೆರೆ. ಈಗ ಕೆಲವು ಕಡೆ ಹಲಗೆ ಹಾಕುವ ಕಿಂಡಿ ಅಣೆಕಟ್ಟು ಉಂಟು, ಹೊತ್ತಿಗೆ ಸರಿಯಾಗಿ ಹಲಗೆ ಹಾಕುವವರು ಇಲ್ಲ. ನಿಮ್ಮ ಓಣಿಯ ಕೆಳಗೆ ತೋಡು ಇದ್ದರೆ ಅಂಗಳದ ಜೊತೆಗೆ ಅದನ್ನೂ ನೋಡಿ. ಒಂದು ಭಾನುವಾರದ ಕೆಲಸ. ಮಕ್ಕಳನ್ನು ಕರೆದುಕೊಂಡು ಹೋಗಿ, ಚಾರ್ಟ್ ಬರೆಯುವುದಕ್ಕಿಂತ ಲೇಸು.

ಅಲೆವೂರು ಅಂಗಳ
ತೋಡು ಉಂಟು. ಡಿಸೆಂಬರ್‌ವರೆಗೆ ಹರಿಯುತ್ತದೆ. ಅದನ್ನು ಕಟ್ಟಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಅಲೆವೂರು ಯಜಮಾನ
ನಮಸ್ಕಾರ. ನಾನೇ ಆ ಇಂಟರ್‌ಲಾಕ್ ಪಕ್ಷದವನು. ಹೆಂಡತಿ ಲಿಂಕ್ ಕಳಿಸಿದ್ದಾಳೆ, ಓದಿ ಹೇಳಿ ಅಂತ.

11 ಲಕ್ಷ ಲೀಟರ್ ಲೆಕ್ಕ ಓದಿ ನಾನೂ ಸ್ವಲ್ಪ ಸುಮ್ಮನಾದೆ. ಆದರೆ ಇಲ್ಲಿ ಯಾರೂ ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಅಮ್ಮ ಬೆಳಿಗ್ಗೆ ಐದೂವರೆಗೆ ಎದ್ದು ಬಚ್ಚಲಿಗೆ ಹೋಗುತ್ತಾರೆ, ತುಳಸಿಕಟ್ಟೆಗೆ ಹೋಗುತ್ತಾರೆ, ಒಗೆಯುವ ಕಲ್ಲಿಗೆ ಹೋಗುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ. ಅವರು ಬಿದ್ದರೆ ಆಸ್ಪತ್ರೆಗೆ ಓಡುವವನು ನಾನು. ಕಾರು ಎಲ್ಲಿ ನಿಲ್ಲಿಸುವುದು? ಹುಲ್ಲಿನಲ್ಲಿ ಹಾವಿದ್ದರೆ ಗೊತ್ತಾಗುವುದು ಹೇಗೆ? ಎರಡು ಲಕ್ಷದ ಹತ್ತಿರ ಎಸ್ಟಿಮೇಟ್ ಬಂದಿದೆ, ಆ ದುಡ್ಡು ನನಗೂ ಹಿತ ಅಲ್ಲ.

ಪೆರ್ಡೂರು ತೋಟ
ಯಜಮಾನ್ರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಮ್ಮ ನಡೆಯುವ ದಾರಿ ಎಷ್ಟು? ಮನೆಯಿಂದ ಬಚ್ಚಲು, ತುಳಸಿಕಟ್ಟೆ, ಒಗೆಯುವ ಕಲ್ಲು. ಮೂರಡಿ ಅಗಲದ ದಾರಿ ಸಾಕು. ಕೆಂಪುಕಲ್ಲನ್ನು ಸಿಮೆಂಟ್ ಇಲ್ಲದೆ ಮರಳಿನ ಮೇಲೆ ಕೂರಿಸಿ, ಮೇಲ್ಮೈ ಸ್ವಲ್ಪ ಒರಟು ಇರಲಿ. ಒಂದು ಬದಿಗೆ ಹಿಡಿದುಕೊಳ್ಳಲು ಪೈಪಿನ ಕಂಬಿ ಹಾಕಿಸಿ. ಜಾರುವ ಭಯಕ್ಕೆ ನೆಲಕ್ಕಿಂತ ಕಂಬಿ ಮುಖ್ಯ.

ಕಾರಿಗೆ ಎರಡು ಪಟ್ಟಿ. ಚಕ್ರ ಹೋಗುವಲ್ಲಿ ಮಾತ್ರ ಕಲ್ಲು, ನಡುವೆ ಹುಲ್ಲು. ನಿಲ್ಲಿಸುವ ಜಾಗಕ್ಕೆ ಚರಳು ಹಾಕಿ ಗಟ್ಟಿ ಮಾಡಿ. ಬಾಕಿ ಅಂಗಳ ಮಣ್ಣೇ ಇರಲಿ.

ಇಂಟರ್‌ಲಾಕ್ ಜಾರುವುದಿಲ್ಲ ಅಂತ ಯಾರು ಹೇಳಿದ್ದು? ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಪಾಚಿ ಹಿಡಿದ ಇಂಟರ್‌ಲಾಕ್ ಮೇಲೆ ನಡೆದು ನೋಡಿ. ನಮ್ಮ ಪಕ್ಕದವರು ಪ್ರತಿ ವರ್ಷ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕುತ್ತಾರೆ. ಆ ನೀರು ಹೋಗುವುದು ಬಾವಿಯ ಬದಿಗೆ. ಕೆಸರು ಆಗುವ ಜಾಗಕ್ಕೆ ಅಡಿಕೆ ಸೋಗೆ ಹಾಕುವುದು ಈಗಲೂ ನಡೆಯುತ್ತದೆ, ಖರ್ಚಿಲ್ಲ. ಮಳೆಗಾಲ ಮುಗಿದ ಮೇಲೆ ಅದೇ ತೆಂಗಿನ ಬುಡಕ್ಕೆ.

ಚಿಟ್ಟೆ ಟೀಚರ್
ಹಾವಿನ ವಿಷಯ ನಾನು ಹೇಳುತ್ತೇನೆ. ಹಾವು ಬಯಲಿನಲ್ಲಿ ಸುಮ್ಮನೆ ಬಿದ್ದಿರುವುದು ಕಡಿಮೆ. ಅದಕ್ಕೆ ಬೇಕಾದದ್ದು ಸಂದಿ ಮತ್ತು ಇಲಿ. ಕಾಯಿಸಿಪ್ಪೆಯ ರಾಶಿ, ಕಟ್ಟಿಗೆ ರಾಶಿ, ಹಳೆ ಹೆಂಚಿನ ರಾಶಿ ಗೋಡೆಗೆ ತಾಗಿ ಇದ್ದರೆ ಇಂಟರ್‌ಲಾಕ್ ಹಾಕಿದ ಮನೆಗೂ ಬರುತ್ತದೆ. ರಾಶಿಯನ್ನು ಮನೆಯಿಂದ ದೂರ ಇಡಿ. ಗೋಡೆಯ ಸುತ್ತ ಐದಾರು ಅಡಿ ಹುಲ್ಲು ಗಿಡ್ಡ ಮಾಡಿ. ಅಮ್ಮನ ಕೈಗೆ ಟಾರ್ಚ್ ಕೊಡಿ. ಕಾಣುವುದು ಹೆಚ್ಚಾಗಿ ಕೇರೆ ಹಾವು, ವಿಷ ಇಲ್ಲ, ಇಲಿ ಹಿಡಿದು ಉಪಕಾರ ಮಾಡುತ್ತದೆ. ಕೊಳಕು ಮಂಡಲ, ಕಟ್ಟುಹಾವು ನಮ್ಮಲ್ಲೂ ಉಂಟು, ಅದಕ್ಕೇ ಟಾರ್ಚ್. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ, ನೇರ ಆಸ್ಪತ್ರೆ.

ಇನ್ನು ಮಕ್ಕಳ ವಿಷಯ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲಕ್ಕೆ ನಾಲ್ಕು ಕೋಲು ನೆಟ್ಟು ಹಗ್ಗ ಕಟ್ಟಿ. ಅದರೊಳಗೆ ಯಾರೂ ಹುಲ್ಲು ಕೀಳಬಾರದು. ವಾರಕ್ಕೊಮ್ಮೆ ಒಳಗೆ ಏನೇನು ಉಂಟು ಅಂತ ಮಕ್ಕಳೇ ಬರೆಯಲಿ. ಮೇ ತಿಂಗಳಲ್ಲಿ ಒಣ ಮಣ್ಣು. ಜೂನಿನ ಮಳೆ ಬಿದ್ದ ಮೇಲೆ ತಗಟೆ ಸೊಪ್ಪು, ನಾಚಿಕೆ ಮುಳ್ಳು, ನೆಲನೆಲ್ಲಿ ಬರುತ್ತವೆ. ತೇವ ಇರುವಲ್ಲಿ ಒಂದೆಲಗ ಹಬ್ಬುತ್ತದೆ. ಮಳೆ ಕಡಿಮೆಯಾದಾಗ ತುಂಬೆ ಹೂ. ಯಾರೂ ಬೀಜ ಹಾಕಿಲ್ಲ ಅನ್ನುವುದೇ ಮಕ್ಕಳಿಗೆ ದೊಡ್ಡ ಆಶ್ಚರ್ಯ. ಶಾಲೆಯ ಹಿಂದಿನ ಜಾಗದಲ್ಲಿ ಇದನ್ನು ಮಾಡಿಸುತ್ತೇನೆ. ಪಾಠದಲ್ಲಿ ಬಾಯಿ ಬಿಡದ ಹುಡುಗರು ಇಲ್ಲಿ ಸುಮ್ಮನಿರುವುದಿಲ್ಲ.

ಚಿಟ್ಟೆ ಬೇಕಾದರೆ ಹೂವಿಗಿಂತ ಎಲೆ ನೋಡಿ. ಚಿಟ್ಟೆ ಹೂವಿನಲ್ಲಿ ಕುಡಿಯುತ್ತದೆ, ಮೊಟ್ಟೆ ಇಡುವುದು ಅದರ ಮರಿಹುಳ ತಿನ್ನುವ ಎಲೆಯಲ್ಲಿ. ಕರಿಬೇವು, ಲಿಂಬೆ ಗಿಡದ ಎಲೆಯಲ್ಲಿ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳ ಸಿಕ್ಕಿದರೆ ಕೊಲ್ಲಬೇಡಿ, ಅದು ದೊಡ್ಡ ಕಪ್ಪು ಚಿಟ್ಟೆ ಆಗುತ್ತದೆ. ನಮ್ಮ ರಾಜ್ಯದ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈಶ್ವರ ಬಳ್ಳಿಯಲ್ಲಿ. ಬೇಲಿಗೆ ಒಂದು ಬಳ್ಳಿ ಹಬ್ಬಿಸಿ. ಅದರ ಎಲೆ ಮನುಷ್ಯರಿಗೆ ಒಳ್ಳೆಯದಲ್ಲ, ಬಾಯಿಗೆ ಹಾಕಬಾರದು ಅಂತ ಮಗನಿಗೆ ಮೊದಲೇ ಹೇಳಿ. ಮೂಡುಬಿದಿರೆ ಹತ್ತಿರ ಬೆಳುವಾಯಿಯಲ್ಲಿ ಚಿಟ್ಟೆ ಪಾರ್ಕ್ ಉಂಟು, ಮಳೆಗಾಲದಲ್ಲಿ ಒಮ್ಮೆ ಕರೆದುಕೊಂಡು ಹೋಗಿ.

ಮಿಂಚುಹುಳದ್ದೂ ಒಂದು ಮಾತು. ಅದರ ಮರಿ ಬೆಳೆಯುವುದು ತೇವದ ಮಣ್ಣಿನಲ್ಲಿ, ಸಣ್ಣ ಬಸವನಹುಳಗಳನ್ನು ತಿಂದು. ಮಣ್ಣು ಮುಚ್ಚಿದರೆ ಮಿಂಚುಹುಳ ಬಂದೀತಾ? ಮತ್ತೆ ಗೇಟಿನ ಎಲ್‌ಇಡಿ ಲೈಟು. ಅವು ಮಿನುಗಿ ಮಿನುಗಿ ಜೊತೆ ಹುಡುಕುವ ಜೀವಗಳು, ರಾತ್ರಿಯಿಡೀ ಫ್ಲಡ್ ಲೈಟ್ ಹಾಕಿದರೆ ಒಂದಕ್ಕೊಂದು ಕಾಣುವುದೇ ಇಲ್ಲ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಕೆಲವು ರಾತ್ರಿ ಲೈಟ್ ಆರಿಸಿ ಎಲ್ಲರೂ ಹೊರಗೆ ಕೂತುಕೊಳ್ಳಿ.

ಕದ್ರಿ ಮೂರನೇ ಮಾಳಿಗೆ
ಅಂಗಳ ಇದ್ದವರ ಜಗಳ ಓದಲಿಕ್ಕೂ ಚಂದ. ನಮಗೆ ಇರುವುದು ಆರಡಿ ಬಾಲ್ಕನಿ, ಅದರಲ್ಲಿ ವಾಷಿಂಗ್ ಮೆಷಿನ್. ಫ್ಲ್ಯಾಟಿನ ಕೆಳಗೆ ಪೂರ್ತಿ ಕಾಂಕ್ರೀಟ್. ಇದ್ದ ಒಂದು ಮಾವಿನ ಮರವನ್ನು ಪಾರ್ಕಿಂಗಿಗೆ ಅಂತ ಕಡಿದರು. ನಮ್ಮಂಥವರು ಎಂತ ಮಾಡುವುದು?

ಚಿಟ್ಟೆ ಟೀಚರ್
ಬಾಲ್ಕನಿಗೆ ಒಂದು ಕರಿಬೇವು ಸಾಕು, ಚಿಟ್ಟೆ ಮೂರನೇ ಮಾಳಿಗೆಗೂ ಬರುತ್ತದೆ. ಊರಿನ ಅಂಗಳ ನಿಮ್ಮದೂ ಹೌದಲ್ವಾ. ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟಿದರೆ ತಣ್ಣೀರುಬಾವಿ, ಅಲ್ಲಿ ಟ್ರೀ ಪಾರ್ಕ್ ಉಂಟು. 2024ರಲ್ಲಿ ಆ ಕಡಲತೀರದಲ್ಲಿ, ಸಸಿಹಿತ್ಲುವಿನಲ್ಲಿ ಕೂಡ, ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಟ್ಟಿದ್ದವು. ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾದರು. ನಾಯಿ, ವಾಹನ, ಲೈಟು, ಕಸ, ಇವೇ ಅವುಗಳ ಶತ್ರು. ಬೀಚಿಗೆ ಹೋದಾಗ ಚುರುಮುರಿ ಪೊಟ್ಟಣ ಅಲ್ಲಿ ಬಿಡದೆ ಬಂದರೆ ಅಷ್ಟೇ ಸಾಕು. ಪಿಲಿಕುಳಕ್ಕೆ ಹೋದರೆ ಮೃಗಾಲಯ ಮಾತ್ರ ನೋಡಿ ಬರಬೇಡಿ, ಘಟ್ಟದ ಮರಗಳ ಸಸ್ಯವನ ನೋಡಿ.

ಬಾವಿ ಮಾವ
ಕದ್ರಿಯವರೇ, ಅಸೋಸಿಯೇಶನ್ ಮೀಟಿಂಗಿನಲ್ಲಿ ಟೆರೇಸ್ ನೀರಿನ ವಿಷಯ ಎತ್ತಿ. ಕೊಳವೆಬಾವಿ ಬತ್ತಿದರೆ ಇಡೀ ಕಟ್ಟಡಕ್ಕೆ ಟ್ಯಾಂಕರ್. ದುಡ್ಡಿನ ಮಾತು ಬಂದರೆ ಕಿವಿ ತೆರೆಯುತ್ತದೆ.

ಮಲ್ಪೆ ಗಾಳಿ
ಕಡಲ ಬದಿಯವರ ಕಷ್ಟ ಬೇರೆ. ನಮ್ಮದು ಮರಳು, ನೀರು ಇಂಗುವುದಕ್ಕೆ ಏನೂ ತೊಂದರೆ ಇಲ್ಲ. ತೊಂದರೆ ಉಪ್ಪಿನದ್ದು. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಅಂತ ಲೆಕ್ಕ. ಆ ಒಂದು ಅಡಿಯನ್ನು ಪಂಪ್ ಮಾಡಿ ಇಳಿಸಿದರೆ ಕೆಳಗಿನಿಂದ ಉಪ್ಪು ಏರುತ್ತದೆ. ನಮ್ಮ ಕೇರಿಯಲ್ಲಿ ಕಾಂಕ್ರೀಟ್ ಅಂಗಳ ಜಾಸ್ತಿಯಾದ ಹಾಗೆ ಏಪ್ರಿಲಿನ ಚಹಾ ಉಪ್ಪುಪ್ಪು. ಅಲೆವೂರಿನವರಿಗೆ ಈ ಕಷ್ಟ ಇಲ್ಲ.

ಕುಡ್ಲ ಬೈಕರ್
ಆಯಿತು, ನಾನು ಅರ್ಧ ಸೋತೆ. ಆದರೆ ಸೊಳ್ಳೆ? ಗುಂಡಿ ತೋಡಿ, ನೀರು ನಿಲ್ಲಿಸಿ ಅನ್ನುತ್ತೀರಿ. ಡೆಂಗಿ ಬಂದರೆ?

ಬಾವಿ ಮಾವ
ಒಳ್ಳೆ ಪ್ರಶ್ನೆ. ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ಹಾರುವ ಮಟ್ಟಕ್ಕೆ ಬರಲು ಒಂದು ವಾರದಿಂದ ಹತ್ತು ದಿನ ಬೇಕು. ಇಂಗುಗುಂಡಿಯಲ್ಲಿ ನೀರು ಎರಡು ಮೂರು ದಿನದಲ್ಲಿ ಇಳಿಯಬೇಕು. ಇಳಿಯದಿದ್ದರೆ ಅದು ಇಂಗುಗುಂಡಿ ಅಲ್ಲ, ಕೆರೆ. ಮುಚ್ಚಿಬಿಡಿ, ಇಲ್ಲ ಜಲ್ಲಿ ತುಂಬಿಸಿ. ಸೊಳ್ಳೆ ಹುಟ್ಟುವುದು ಹೆಚ್ಚಾಗಿ ಬ್ಯಾರೆಲ್, ಟಯರ್, ಗೆರಟೆ (ತೆಂಗಿನ ಚಿಪ್ಪು), ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ. ಇದನ್ನು ಭಾನುವಾರ ಬೆಳಿಗ್ಗೆ ಮಕ್ಕಳ ಕೆಲಸ ಮಾಡಿ. ದೊಡ್ಡವರಿಗೆ ಕಾಣದ ಗೆರಟೆ ಅವರಿಗೆ ಕಾಣುತ್ತದೆ.

ಅಲೆವೂರು ಅಂಗಳ
ನಿನ್ನೆ ರಾತ್ರಿ ಊಟದ ಹೊತ್ತಿಗೆ ಇದೆಲ್ಲ ಓದಿ ಹೇಳಿದೆ. ಅತ್ತೆ ಅಷ್ಟೂ ಕೇಳಿ, "ನನ್ನ ಹೆಸರು ಹೇಳಿ ಎರಡು ಲಕ್ಷ ಖರ್ಚು ಮಾಡ್ತೀರಾ? ನನ್ನನ್ನು ಕೇಳಿದ್ದು ಯಾರು?" ಅಂದರು. ಅವರಿಗೆ ಬೇಕಾದದ್ದು ಒಗೆಯುವ ಕಲ್ಲಿಗೆ ಹೋಗಲು ದಾರಿ. ಮತ್ತೆ ತಂಬುಳಿಗೆ ಒಂದೆಲಗ, ಪತ್ರೊಡೆಗೆ ಕೆಸು ಇರುವ ಮೂಲೆಯನ್ನು ಯಾರೂ ಮುಟ್ಟಬಾರದು. ಆಟಿಯಲ್ಲಿ ತಗಟೆ ಸೊಪ್ಪನ್ನು ಪೇಟೆಯಲ್ಲಿ ಕಟ್ಟಿಗೆ ಇಷ್ಟು ಅಂತ ಕೊಟ್ಟು ತರುವವರನ್ನು ನೋಡಿ ಅವರಿಗೆ ನಗು.

ಯಜಮಾನರು ಕಂಬಿಯ ಮಾತಿಗೆ ಒಪ್ಪಿದ್ದಾರೆ. ಗೇಟಿನ ಬಳಿ ಸ್ವಲ್ಪ ಇಂಟರ್‌ಲಾಕ್ ಬೇಕೇ ಬೇಕು ಅನ್ನುತ್ತಾರೆ. ಅಷ್ಟಕ್ಕೆ ನಾನೂ ಹಟ ಮಾಡುವುದಿಲ್ಲ.

ಒಂದು ಸಂಶಯ. ಮಣ್ಣಿನ ಅಂಗಳ ಅಂದರೆ ದಿನಾ ತರಗೆಲೆ. ಅತ್ತೆ ಅದನ್ನೆಲ್ಲ ಗುಡಿಸಿ ಬಚ್ಚಲ ಒಲೆಗೆ ಹಾಕುತ್ತಾರೆ, ಜೊತೆಗೆ ಹಾಲಿನ ಪ್ಯಾಕೆಟ್ ಕೂಡ. "ಬೇಗ ಹಿಡಿಯುತ್ತದೆ" ಅಂತ. ಹೇಳಿದರೆ ಬೇಸರ ಮಾಡುತ್ತಾರೆ.

ಪೆರ್ಡೂರು ತೋಟ
ನಮ್ಮ ಮನೆಯಲ್ಲೂ ಇದೇ ಕಥೆ ಇತ್ತು. ಪ್ಲಾಸ್ಟಿಕ್ ಹೊಗೆ ಮೊದಲು ಹೋಗುವುದು ಒಲೆ ಊದುವವರ ಎದೆಗೆ. ಅದರ ಬೂದಿಯನ್ನು ತರಕಾರಿ ಗಿಡಕ್ಕೂ ಹಾಕಬಾರದು. ನಾವು ಅಮ್ಮನಿಗೆ ಹೇಳಿದ್ದು ಬೂದಿಯ ವಿಷಯ ಮಾತ್ರ: "ಬಸಳೆ ಬುಡಕ್ಕೆ ಹಾಕುವ ಬೂದಿ ಅಲ್ವಾ, ಅದರಲ್ಲಿ ಪ್ಲಾಸ್ಟಿಕ್ ಬೇಡ." ಕೂಡಲೇ ನಿಲ್ಲಿಸಿದರು. ಬಸಳೆಯ ಮೇಲೆ ಇರುವ ಪ್ರೀತಿ ಅವರಿಗೆ ಸ್ವಂತ ಎದೆಯ ಮೇಲೆ ಇಲ್ಲ. ಒಲೆ ಹಿಡಿಸಲಿಕ್ಕೆ ತೆಂಗಿನ ಒಣ ಮಡಲು, ಕೊತ್ತಳಿಗೆ ಇರುವಾಗ ಪ್ಯಾಕೆಟ್ ಯಾಕೆ? ಪ್ಯಾಕೆಟ್ ತೊಳೆದು ಒಣಗಿಸಿ ಒಣ ಕಸಕ್ಕೆ ಕೊಡಿ. ತರಗೆಲೆ ಎಲ್ಲ ಸುಡಬೇಡಿ, ಅರ್ಧವನ್ನು ತೆಂಗಿನ ಬುಡಕ್ಕೆ ಹೊದಿಕೆ ಮಾಡಿ. ಬೇಸಿಗೆಯಲ್ಲಿ ತೇವ ಆರುವುದಿಲ್ಲ.

ಕದ್ರಿ ಮೂರನೇ ಮಾಳಿಗೆ
ಒಣ ಕಸ ಬೇರೆ ಮಾಡುವ ವಿಷಯದಲ್ಲಿ ನಾನು ಜೋರು. 2019ರ ಆಗಸ್ಟಿನಲ್ಲಿ ನಮ್ಮ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡೆ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಹೋಯಿತಲ್ಲ, ಆ ರಾಶಿಯಲ್ಲಿ ನಮ್ಮ ಮನೆಯದ್ದೂ ಇತ್ತು. ಬಾಲ್ಕನಿ ಸಣ್ಣದಾದರೂ ಎರಡು ಡಬ್ಬಕ್ಕೆ ಜಾಗ ಉಂಟು.

ಅಲೆವೂರು ಯಜಮಾನ
ಬಾವಿ ಮಾವ, ಕೊನೆಯ ಪ್ರಶ್ನೆ. ಮಾಡಿನ ನೀರನ್ನು ಬಾವಿಗೆ ಬಿಡುವುದು, ಗುಂಡಿ ತೋಡುವುದು ಎರಡೂ ಮಾಡಬೇಕಾ? ಎಲ್ಲಿ ತೋಡಬೇಕು? ನಮ್ಮ ಹಿಂದೆ ದರೆ (ನೇರ ಕಡಿದ ಮಣ್ಣಿನ ಗೋಡೆ) ಉಂಟು, ಎಂಟು ಅಡಿ.

ಬಾವಿ ಮಾವ
ದರೆ ಇದೆ ಅಂತ ಹೇಳಿದ್ದು ಒಳ್ಳೆಯದಾಯಿತು. ದರೆಯ ಮೇಲೆ, ದರೆಯ ಹತ್ತಿರ ಗುಂಡಿ ಬೇಡವೇ ಬೇಡ. ಅಲ್ಲಿ ನೀರು ಇಂಗಿಸಿದರೆ ಶೇಡಿ ನೆನೆದು ದರೆ ಜಾರುತ್ತದೆ. ಅಲ್ಲಿಯ ನೀರನ್ನು ಕಣಿ (ಸಣ್ಣ ಕಾಲುವೆ) ಮಾಡಿ ಆಚೆ ತಿರುಗಿಸಿ. ಮನೆಯ ತಳಪಾಯ, ಕಂಪೌಂಡ್ ಗೋಡೆಗೆ ತಾಗಿಯೂ ಬೇಡ. ಕಕ್ಕಸು ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರ ಇದೆಯಾ ಅಂತ ಮೊದಲು ಅಳೆಯಿರಿ. ಇಲ್ಲದಿದ್ದರೆ ಅದನ್ನು ಸರಿ ಮಾಡಿ, ಮಳೆನೀರು ಆಮೇಲೆ.

ಸದ್ಯಕ್ಕೆ ಮಾಡಿನ ನೀರು ಸಾಕು. ಮೊದಲ ಕೆಲವು ಮಳೆಯನ್ನು ಹೊರಗೆ ಬಿಡಿ, ಮಾಡಿನ ಕಸ, ಹಕ್ಕಿ ಹಿಕ್ಕೆ ತೊಳೆದು ಹೋಗಲಿ. ಆಮೇಲೆ ಜಲ್ಲಿ, ಇದ್ದಿಲು, ಮರಳು ಹಾಕಿದ ಡ್ರಮ್ಮಿನ ಮೂಲಕ ಬಾವಿಗೆ. ಬಾವಿಗೆ ಬಲೆ ಹಾಕಿ. ಕುಡಿಯುವ ನೀರನ್ನು ಕುದಿಸಿ. ಅಂಗಳದ ತಗ್ಗಿನ ಮೂಲೆಯಲ್ಲಿ, ದರೆಗೆ ವಿರುದ್ಧ ಬದಿಗೆ, ಒಂದು ಗುಂಡಿ ಸಾಕು. ತೋಡುವಾಗ ಬಿಳಿ ಶೇಡಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಕೆಳಗೆ ನೀರು ಇಳಿಯುವುದಿಲ್ಲ. ತುಂಬಿದ್ದು ಹೊರಗೆ ಹೋಗಲು ಒಂದು ಪೈಪ್ ಇರಲಿ.

2019ರ ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ಉಡುಪಿ ಪೇಟೆಗೆ ಸರದಿಯಲ್ಲಿ ನೀರು ಬಿಟ್ಟಾಗ ಎಲ್ಲರೂ ಒಂದೇ ಸಲ ಬಾವಿಯವರನ್ನು ಹುಡುಕಿದ್ದರು, ಜನ ಸಿಗಲಿಲ್ಲ. ಈಗಲೇ ಹೇಳಿಡಿ, ಪತ್ತನಾಜೆಯ (ಮೇ ಕೊನೆಯ ವಾರ) ಮೊದಲು ಕೆಲಸ ಮುಗಿಯಲಿ. ಆ ಹೊತ್ತಿಗೆ ಪೈಪಿನವನೂ ಸಿಗುವುದಿಲ್ಲ, ಅವನನ್ನೂ ಒಟ್ಟಿಗೆ ಬುಕ್ ಮಾಡಿ.